ಹಿಮದ ಗಾಡಿಯ ಎಂಜಿನ್ ಬಿಸಿಯಾಗುವುದೇ ಇಲ್ಲವೇ?

ಗುಲ್ಮಾರ್ಗ್ ಪ್ರವಾಸಕ್ಕೆ ಹೊರಟಿರುವ ನಮ್ಮ ದಾವಣಗೆರೆ ಗೆಳೆಯರ ವಾಟ್ಸ್‌ಆ್ಯಪ್ ಗುಂಪಿಗೆ ಒಂದು ಸಂದೇಶ ಬಂದಿದೆ: "ಸ್ನೋಮೊಬೈಲ್ ಸುತ್ತಲೂ ಹಿಮವಿರುವುದರಿಂದ ಎಂಜಿನ್ ಎಂದಿಗೂ ಕಾಯುವುದಿಲ್ಲ. ಟ್ರ್ಯಾಕ್ ಉದ್ದವಿದ್ದಷ್ಟೂ ಎಲ್ಲ ದಾರಿಗೂ ಒಳ್ಳೆಯದು." ಎರಡೂ ತಪ್ಪು. ಸ್ನೋಮೊಬೈಲ್ ಎಂದರೆ ಮುಂದೆ ಎರಡು ಸ್ಕೀ (ಹಿಮದ ಮೇಲೆ ಜಾರುವ ಹಲಗೆ), ಹಿಂದೆ ಚಕ್ರದ ಬದಲು ಸುತ್ತುವ ಅಗಲ ರಬ್ಬರ್ ಬೆಲ್ಟ್ ಇರುವ ಗಾಡಿ; ಆ ಬೆಲ್ಟೇ ಟ್ರ್ಯಾಕ್.

ಬೆಟ್ಟ ಹತ್ತುವ ಸ್ನೋಮೊಬೈಲುಗಳ ಟ್ರ್ಯಾಕ್ ಸಾಮಾನ್ಯವಾಗಿ 154ರಿಂದ 165 ಇಂಚು ಉದ್ದ. ಅದರ ರಬ್ಬರ್ ಹಲ್ಲುಗಳು ಎರಡೂವರೆಯಿಂದ ಮೂರು ಇಂಚು. ಆಳವಾದ ಪುಡಿಹಿಮದಲ್ಲಿ ಹೂತುಹೋಗದಿರಲು ಇಷ್ಟು ಬೇಕೇ ಬೇಕು. ಯಂತ್ರದಿಂದ ಒತ್ತಿ ಸಮ ಮಾಡಿದ ಗಟ್ಟಿ ದಾರಿಯ ಕಥೆ ಬೇರೆ. ಭದ್ರಾ ನಾಲೆಯ ಗದ್ದೆಯಲ್ಲಿ ಕೆಸರು ಕಲಸಿದ ಕೇಜ್‌ವೀಲ್ (ಕೆಸರಿಗೆಂದೇ ಇರುವ ಕಬ್ಬಿಣದ ಚಕ್ರಗಳ) ಟ್ರ್ಯಾಕ್ಟರನ್ನು ಹಾಗೆಯೇ ಡಾಂಬರು ರಸ್ತೆಗೆ ಹತ್ತಿಸಿದವರಿಗೆ (ದಯವಿಟ್ಟು ಹತ್ತಿಸಬೇಡಿ) ಇದು ಥಟ್ಟನೆ ತಿಳಿಯುತ್ತದೆ.

ಇನ್ನು ಬಿಸಿಯ ವಿಷಯ. ಟ್ರ್ಯಾಕಿನ ಮೇಲ್ಭಾಗದ ಲೋಹದ ಹೊದಿಕೆಯಲ್ಲಿ ಕೂಲಂಟ್ (ಎಂಜಿನ್ನಿನ ಬಿಸಿ ಹೊತ್ತೊಯ್ಯುವ ದ್ರವ) ಹರಿಯುತ್ತದೆ. ಟ್ರ್ಯಾಕ್ ಎರಚಿದ ಹಿಮ ಅಲ್ಲಿಗೆ ತಾಗಿ ಕರಗಿದಾಗಲೇ ಎಂಜಿನ್ ತಣ್ಣಗಾಗುವುದು. ಗಟ್ಟಿ ದಾರಿಯಲ್ಲಿ ಎರಚಲು ಸಾಕಷ್ಟು ಹಿಮವೇ ಏಳುವುದಿಲ್ಲ. ಟ್ರ್ಯಾಕ್ ಜಾರುವ ಪ್ಲಾಸ್ಟಿಕ್ ಪಟ್ಟಿಗೂ ಎಣ್ಣೆಯ ಕೆಲಸ ಮಾಡುವುದು ಅದೇ ಹಿಮ; ಅದಿಲ್ಲದಿದ್ದರೆ ಪಟ್ಟಿ ಬಿಸಿಯಾಗಿ ಬೇಗ ಸವೆಯುತ್ತದೆ. ಅದಕ್ಕೇ ಅನುಭವಸ್ಥರು ಸ್ಕ್ರ್ಯಾಚರ್ ಎಂಬ ಗಟ್ಟಿ ತಂತಿಗಳನ್ನು ಇಳಿಬಿಟ್ಟು, ದಾರಿಯನ್ನು ಕೆರೆದು ಪುಡಿ ಎಬ್ಬಿಸುತ್ತಾರೆ. ತಾಪಮಾನದ ಎಚ್ಚರಿಕೆ ದೀಪ ಹೊತ್ತಿದರೆ ಸಡಿಲ ಹಿಮ ಹುಡುಕುತ್ತಾರೆ, ಇಲ್ಲವೇ ನಿಲ್ಲಿಸುತ್ತಾರೆ.

ತಿರುವಿನಲ್ಲೂ ಉದ್ದ ಟ್ರ್ಯಾಕ್ ಗಾಡಿಯನ್ನು ನೇರಕ್ಕೇ ತಳ್ಳುತ್ತದೆ. ಬೆಟ್ಟದ ಗಾಡಿಗಳಲ್ಲಿ ಎರಡು ಸ್ಕೀಗಳ ನಡುವಿನ ಅಂತರವೂ ಕಡಿಮೆ, ಹಾಗಾಗಿ ಗಾಡಿ ಬೇಗ ವಾಲುತ್ತದೆ. ಆದ್ದರಿಂದ ತಿರುವಿಗೆ ಮೊದಲೇ ವೇಗ ಇಳಿಸಬೇಕು.