ಚೆಂಡು ಎಲ್ಲಿ ಹೋಯ್ತು ಸ್ವಾಮಿ?

ಟಿವಿಯಲ್ಲಿ ಕ್ರಿಕೆಟ್ ಕಾಮೆಂಟರಿ ಹೇಳುವವರ ಬಾಯಿಂದ ಒಂದೇ ಒಂದು ಮಾತು ಕಿತ್ತುಕೊಂಡು ಬೀರುವಿನಲ್ಲಿಟ್ಟು ಬೀಗ ಜಡಿಯುವ ಅಧಿಕಾರ ನನಗೆ ಸಿಕ್ಕರೆ, ನಾನು ಕೈ ಹಾಕುವುದು 'ಎಲ್ಲೋ ಒಂದ್ಕಡೆ'ಗೇ. ನೀವೂ ಕೇಳಿ ಕೇಳಿ ಸುಸ್ತಾಗಿರುತ್ತೀರಿ. ಎಲ್ಲೋ ಒಂದ್ಕಡೆ ಬೌಲರ್‌ಗಳು ಎಡವಿದ್ದಾರೆ. ಎಲ್ಲೋ ಒಂದ್ಕಡೆ ಆತ್ಮವಿಶ್ವಾಸ ಕಮ್ಮಿಯಾಗಿದೆ. ಎಲ್ಲೋ ಒಂದ್ಕಡೆ ಪಿಚ್ ಸ್ವಲ್ಪ ಸ್ಲೋ ಆಗ್ತಾ ಇದೆ. ಪಿಚ್ ಇರುವುದೇ 22 ಗಜ ಸ್ವಾಮಿ! ಅಷ್ಟರಲ್ಲಿ ಎಲ್ಲೋ ಒಂದು ಕಡೆ ಅಂದರೆ ಯಾವ ಕಡೆ?

ಬೇರೆ ಆಟವಾಗಿದ್ದರೆ ಹಾಳಾಗಲಿ ಅನ್ನಬಹುದಿತ್ತು. ಆದರೆ ಕ್ರಿಕೆಟ್ ಮೈದಾನದಲ್ಲಿ ಮಾರಿಗೊಂದು ಹೆಸರು. ಬ್ಯಾಟರ್‌ನ ಮೂಗಿನ ಬಳಿಯೇ ನಿಂತರೆ ಸಿಲ್ಲಿ ಪಾಯಿಂಟ್, ಹಿಂದೆ ಸರಿದರೆ ಬರೀ ಪಾಯಿಂಟ್, ಬೌಂಡರಿ ಗೆರೆಗೆ ಹೋದರೆ ಡೀಪ್ ಪಾಯಿಂಟ್. ಸ್ಲಿಪ್‌ಗೂ ಪಾಯಿಂಟ್‌ಗೂ ನಡುವಿನ ಸಂದಿಗೆ ಗಲ್ಲಿ. ಹಿಂದೆ ಸಾಮಾನ್ಯವಾಗಿ ಯಾರೂ ನಿಲ್ಲದಿದ್ದ ಮೂಲೆಗೆ ಸಹ ಕೌ ಕಾರ್ನರ್ ಅಂತ ಹೆಸರಿಟ್ಟಿದ್ದಾರೆ. ನಮ್ಮ ಬಡಾವಣೆಯ ಅಡ್ಡರಸ್ತೆಗಳಿಗೂ ಇಷ್ಟು ಚೊಕ್ಕ ವಿಳಾಸವಿಲ್ಲ. ಇಂಥ ಆಟವನ್ನು ವಿವರಿಸಲು ಮೈಕ್ ಹಿಡಿದು 'ಎಲ್ಲೋ ಒಂದ್ಕಡೆ' ಅನ್ನುವುದು, ಪೋಸ್ಟ್‌ಮ್ಯಾನ್ ಬಂದು "ನಿಮ್ಮ ಮನಿಯಾರ್ಡರ್ ಎಲ್ಲೋ ಒಂದು ಮನೆಗೆ ಕೊಟ್ಟೆ ಸಾರ್" ಅಂದ ಹಾಗೆ.

ಇಷ್ಟು ದಿನ ಹೇಗೋ ಸಹಿಸಿಕೊಂಡಿದ್ದೆ. ನಮಗೆ ಕಣ್ಣಿದೆ, ಚೆಂಡು ಹೋದದ್ದು ಕಾಣುತ್ತದೆ, ಅವರು ಏನಾದರೂ ಅಂದುಕೊಳ್ಳಲಿ. ಆದರೆ ಮೊನ್ನೆ ಅಮ್ಮನಿಗೆ ಕಣ್ಣಿನ ಪೊರೆಯ ಆಪರೇಷನ್ ಆಯಿತು. ನಾಲ್ಕು ದಿನ ಟಿವಿ ಕಡೆ ತಿರುಗಬೇಡಿ ಅಂದಿದ್ದರು ಡಾಕ್ಟರು. ಸೀರಿಯಲ್ ಬಿಡು ಅಂದರೆ ಬಿಟ್ಟಾಳು, ಆರ್‌ಸಿಬಿ ಬಿಡುವವಳಲ್ಲ. ಕಪ್ಪು ಕನ್ನಡಕ ಏರಿಸಿ, ಟಿವಿಗೆ ಬೆನ್ನು ಮಾಡಿ ಕುರ್ಚಿ ಹಾಕಿಸಿಕೊಂಡು, "ನೋಡಬೇಡಿ ಅಂದಿದ್ದಾರೆ, ಕೇಳಬೇಡಿ ಅಂದಿಲ್ಲ. ಸೌಂಡ್ ಕೊಡೋ" ಅಂದಳು.

ಎರಡನೇ ಓವರಿನಲ್ಲಿ ಸ್ಟೇಡಿಯಂ ಇಡೀ ಹೋ ಎಂದಿತು. ನನ್ನ ಬಾಯಲ್ಲಿ ಬಿಸಿ ಬಿಸಿ ಮೆಣಸಿನಕಾಯಿ ಬಜ್ಜಿ. ಆಚೆಗೂ ಬಾರದು, ಒಳಗೂ ಹೋಗದು.

"ಎಲ್ಲಿಗೆ ಹೋಯ್ತೋ ಬಾಲು?" ಅಂದಳು ಅಮ್ಮ.

"ಎಲ್ಲೋ ಒಂದ್ಕಡೆ..." ಅಂತ ಶುರು ಮಾಡಿತು ಟಿವಿ.

"ಅದನ್ನೇ ಕಣಪ್ಪಾ ಕೇಳ್ತಿರೋದು, ಎಲ್ಲಿ?"

"...ನೋಡಿ, ಎಲ್ಲೋ ಒಂದ್ಕಡೆ ಒತ್ತಡ ಕಾಣ್ತಾ ಇದೆ."

"ಒತ್ತಡ ಇರ್ಲಿ, ಫೋರೋ ಔಟೋ?"

"ಹೌದು, ಖಂಡಿತವಾಗಲೂ!" ಅಂದರು ಪಕ್ಕದಲ್ಲಿದ್ದ ಇನ್ನೊಬ್ಬರು.

ಅಮ್ಮ ಕುರ್ಚಿಯಲ್ಲೇ ಅರ್ಧ ತಿರುಗಿದಳು. ನಾನು ಬಜ್ಜಿ ನುಂಗುವ ಹೊತ್ತಿಗೆ ಮೂರನೆಯವರು, ಹಿಂದೆ ಆಡಿದ್ದವರಂತೆ, ಕ್ರಿಕೆಟ್ ಎಂಬ ಆಟದಲ್ಲಿ ಏನು ಬೇಕಾದರೂ ಆಗಬಹುದು ಅಂತ ತಿಳಿಸಿ, ಇದೀಗ ಏನಾಯಿತು ಅನ್ನುವುದೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಹೇಳಿದರು. ಅಷ್ಟರಲ್ಲಿ ಓವರ್ ಮುಗಿದು ಸಿಮೆಂಟಿನ ಜಾಹೀರಾತು ಬಂತು. ಅಮ್ಮ ಪೂರ್ತಿ ಕೇಳಿಸಿಕೊಂಡು, "ಇವನು ನೋಡು, ಏನು ಮಾರ್ತಾನೋ ಅದನ್ನ ಸ್ಪಷ್ಟವಾಗಿ ಹೇಳ್ತಾನೆ" ಅಂದಳು.

ಐದನೇ ಓವರಿಗೆ ಇನ್ನೊಂದು ತಕರಾರು ಎದ್ದಿತು. ಬೌಲರ್ 'ತುಂಬಾ ಒಳ್ಳೇ ಏರಿಯಾದಲ್ಲಿ' ಬಾಲ್ ಹಾಕ್ತಿದ್ದಾರಂತೆ. "ಒಳ್ಳೇ ಏರಿಯಾ ಅಂದ್ರೆ ಯಾವುದೋ? ಕುವೆಂಪುನಗರವಾ ಸರಸ್ವತಿಪುರಮ್ಮಾ?" ಆಫ್ ಸ್ಟಂಪಿನ ಆಚೆ, ಗುಡ್ ಲೆಂತ್ ಅಂತ ಹೇಳಿದೆ. "ಹಾಗನ್ನಕ್ಕೆ ಅವರಿಗೇನು ರೋಗ? ಸೈಟ್ ಬ್ರೋಕರ್ ತರ ಆಡ್ತಾರೆ." ಮುಂದಿನ ಬಾಲು ಸಿಕ್ಸರ್ ಹೋಯಿತು. ಒಳ್ಳೇ ಏರಿಯಾದಲ್ಲೂ ಕಳ್ಳತನ ನಡೆಯುತ್ತದೆ ಅಂತ ಅಡುಗೆಮನೆಯಿಂದ ನನ್ನ ಹೆಂಡತಿ ಸೇರಿಸಿದಳು.

ಮಿಕ್ಕ ಪದಗಳ ಪಾಡೂ ಅಷ್ಟಕ್ಕಷ್ಟೇ. ಹನ್ನೆರಡು ಪಂದ್ಯ ಆಡಿ ಮನೆಗೆ ಹೋದವರು ದಿಗ್ಗಜರು. ಲೀಗ್ ಹಂತದ, ಎರಡೂ ತಂಡ ಹೊರಬಿದ್ದ ಮೇಲಿನ ಪಂದ್ಯವೂ ಹೈವೋಲ್ಟೇಜ್ ಕದನ. ಹಾಗೆ ಅಂದ ದಿನವೇ ನಮ್ಮ ಬೀದಿಯಲ್ಲಿ ಕರೆಂಟ್ ಹೋಗುತ್ತದೆ ಅನ್ನುವುದು ಬೇರೆ ಮಾತು. ಇನ್ನು 'ಅಕ್ಷರಶಃ'. ಅಕ್ಷರಶಃ ಬೆಂಕಿಯುಂಡೆ ಎಸೆದರು, ಅಕ್ಷರಶಃ ಬೌಲರ್‌ಗಳ ಬೆವರಿಳಿಸಿದರು. ಏಪ್ರಿಲ್ ತಿಂಗಳಲ್ಲಿ ಚೆನ್ನೈನಲ್ಲಿ ಬೆವರಿಳಿಸಲು ಬ್ಯಾಟೇ ಬೇಕೆ? ಸುಮ್ಮನೆ ನಿಂತರೂ ಅಕ್ಷರಶಃ ಇಳಿಯುತ್ತದೆ.

'ಎಲ್ಲೋ ಒಂದ್ಕಡೆ'ಗೆ ಜಾಗವೇ ಇಲ್ಲದ ಪಂದ್ಯವೂ ಒಂದಿದೆ. 2017ರಲ್ಲಿ ಈಡನ್ ಗಾರ್ಡನ್ಸ್‌ನಲ್ಲಿ ನಮ್ಮ ಆರ್‌ಸಿಬಿಯವರು ಹತ್ತು ಓವರ್ ಕೂಡ ಆಡದೆ 49ಕ್ಕೆ ಆಲೌಟ್ ಆದರಲ್ಲ, ಒಬ್ಬರೂ ಎರಡಂಕಿ ಮುಟ್ಟಲಿಲ್ಲ. ಅವತ್ತು ಎಲ್ಲ ಕಡೆಯೂ ಎಡವಿದ್ದರು.

'ನಮ್ಮ ಕನ್ನಡಿಗ' ಅನ್ನುವುದನ್ನು ಬಯ್ಯಲು ಮಾತ್ರ ನನಗೆ ಮನಸ್ಸು ಬಾರದು, ಕೇಳಿದರೆ ಒಳಗೊಳಗೇ ಖುಷಿಯಾಗುತ್ತದೆ. ಕಷ್ಟ ಬರುವುದು ಆ ಕನ್ನಡಿಗ ಎದುರು ತಂಡದಲ್ಲಿದ್ದಾಗ. 2025ರ ಏಪ್ರಿಲ್ 10ರಂದು ಚಿನ್ನಸ್ವಾಮಿಯಲ್ಲಿ ಡೆಲ್ಲಿ ಪರ ಆಡಿದ ಕೆ.ಎಲ್. ರಾಹುಲ್ ಔಟಾಗದೆ 93 ಚಚ್ಚಿ, ಗೆದ್ದ ಮೇಲೆ ಬ್ಯಾಟಿನಿಂದ ನೆಲದ ಮೇಲೆ ಸುತ್ತುಗೆರೆ ಎಳೆದು, ನಡುವೆ ಬ್ಯಾಟ್ ಊರಿ ಇದು ನನ್ನ ಜಾಗ ಅಂತ ತೋರಿಸಿದರು. ನಮ್ಮ ನಾಡಿನ ಮೈದಾನ, ನಮ್ಮ ಹುಡುಗ, ಸೋತದ್ದೂ ನಾವೇ. ಆ ರಾತ್ರಿ ಚಪ್ಪಾಳೆ ಯಾರಿಗೆ ತಟ್ಟಬೇಕು ಅಂತ ನನಗೇ ತೋಚಲಿಲ್ಲ, ಪಾಪ ಮೈಕ್ ಹಿಡಿದವರಿಗೆ ಹೇಗೆ ತೋಚಬೇಕು?

ಪಾಪ ಅಂದೆ. ನಿಜವಾಗಿಯೂ ಪಾಪವೇ. ವೈಡು, ನೋಬಾಲು ಬಿಟ್ಟರೂ 240 ಎಸೆತ, ಮೂರೂವರೆ ಗಂಟೆ. ಒಂದು ಬಾಲು ಜೀವಂತವಾಗಿರುವುದು ಕೆಲವೇ ಕ್ಷಣ, ಉಳಿದ ಹೊತ್ತೆಲ್ಲ ತುಂಬಿಸಬೇಕು. ಕಿವಿಯಲ್ಲಿ ಒಬ್ಬ ಜಾಹೀರಾತು ಬಂತು ಅಂತಾನೆ, ಪಕ್ಕದವನು ಖಂಡಿತವಾಗಲೂ ಅಂತಾನೆ. ನಾವೇ ತಾನೇ ಕನ್ನಡದಲ್ಲಿ ಕಾಮೆಂಟರಿ ಬೇಕು ಅಂತ ಆಸೆಪಟ್ಟವರು? ಬಂದಾಗ ಹಬ್ಬವೇ ಮಾಡಿದೆವು. ಆದರೂ ಒಂದು ಅನುಮಾನ. 2021ರಲ್ಲಿ ಲಂಡನ್ನಿನ ಎಂಸಿಸಿ ಕ್ಲಬ್ಬಿನವರು ಕ್ರಿಕೆಟ್ ನಿಯಮದ ಪುಸ್ತಕದಿಂದ ಬ್ಯಾಟ್ಸ್‌ಮನ್ ತೆಗೆದು ಬ್ಯಾಟರ್ ಅಂತ ಹಾಕಿದಾಗ ಇವರೆಲ್ಲ ಎಷ್ಟು ಬೇಗ ನಾಲಿಗೆ ಹೊರಳಿಸಿಕೊಂಡರು! ಲಂಡನ್ನಿನವರು ಹೇಳಿದರೆ ಆಗುತ್ತದೆ, ಮೈಸೂರಿನವರು ಗೋಳಾಡಿದರೆ ಆಗುವುದಿಲ್ಲ.

ಅಮ್ಮನ ಸಿಟ್ಟಿಗೆ ಕಾರಣ ಬೇರೆ. ಅವಳು ಕ್ರಿಕೆಟ್ ಕಲಿತದ್ದೇ ಕಿವಿಯಿಂದ. ನಂಜನಗೂಡಿನ ಅವಳ ತವರಲ್ಲಿ ನನ್ನ ದೊಡ್ಡ ಸೋದರಮಾವ ರೇಡಿಯೋ ಪಕ್ಕ ಸ್ಲೇಟು ಹಿಡಿದು ಕೂರುತ್ತಿದ್ದನಂತೆ. ಸ್ಲೇಟಿನ ಮೇಲೊಂದು ಮೊಟ್ಟೆಯಾಕಾರ, ನಡುವೆ ಎರಡು ಗೀಟು, ಸುತ್ತ ಫೀಲ್ಡರ್‌ಗಳಿಗೆ ಬಳಪದ ಚುಕ್ಕೆ. ಆಕಾಶವಾಣಿಯವರು ಸ್ವಲ್ಪ ಹೊತ್ತು ಇಂಗ್ಲಿಷು, ಸ್ವಲ್ಪ ಹೊತ್ತು ಹಿಂದಿ. ಎರಡೂ ಅಮ್ಮನಿಗೆ ಅಷ್ಟಾಗಿ ತಿಳಿಯದು. ಆದರೆ ಕವರ್ಸ್ ಅಂತ ರೇಡಿಯೋ ಅಂದ ಕೂಡಲೇ ಮಾವ ಬೆರಳಿಂದ ಒಂದು ಗೆರೆ ಎಳೆಯುತ್ತಿದ್ದ, ಇವಳಿಗೆ ಆಟ ಕಾಣುತ್ತಿತ್ತು. 1971ರ ಓವಲ್ ಟೆಸ್ಟಿನಲ್ಲಿ, ನಮ್ಮ ಮೈಸೂರಿನಲ್ಲೇ ಹುಟ್ಟಿದ ಚಂದ್ರಶೇಖರ್ 38 ರನ್ನಿಗೆ 6 ವಿಕೆಟ್ ಕಿತ್ತು ಇಂಗ್ಲೆಂಡನ್ನು 101ಕ್ಕೆ ಉದುರಿಸಿದ ಸಂಜೆ, ವಿಕೆಟ್ ಬಿದ್ದ ಹಾಗೆಲ್ಲ ಒಂದೊಂದು ಅಡ್ಡಗೀಟು ಹಾಕುವ ಕೆಲಸ ಇವಳದ್ದು. ಬಳಪ ಎರಡು ತುಂಡಾಯಿತಂತೆ. ಮಾವ ಹೋಗಿ ಎಷ್ಟೋ ವರ್ಷವಾಯಿತು. ಈಗಲೂ ಅಮ್ಮ ಕ್ರಿಕೆಟ್ ಕೇಳುವಾಗ ತೊಡೆಯ ಮೇಲೆ ಬೆರಳು ಆಡಿಸುತ್ತಾಳೆ. ಮೊನ್ನೆ ಆ ಬೆರಳಿಗೆ ಯಾವ ದಿಕ್ಕೂ ಸಿಗದೆ ಸುಮ್ಮನೆ ಕೂತಿತ್ತು. ನನಗೆ ಹೆಚ್ಚು ಉರಿದದ್ದು ಅದಕ್ಕೇ.

ಹತ್ತನೇ ಓವರಿಗೆ ಅಮ್ಮ ಟಿವಿ ಮ್ಯೂಟ್ ಮಾಡಿಸಿ ನನ್ನನ್ನೇ ಕಾಮೆಂಟರಿಗೆ ಕೂರಿಸಿದಳು. ಮೆಣಸಿನಕಾಯಿ ಬಜ್ಜಿ ತಟ್ಟೆ ಹೆಂಡತಿಯ ವಶವಾಯಿತು.

ಭಾನುವಾರ ಬೆಳಗ್ಗೆ ಮನೆ ಹಿಂದಿನ ಖಾಲಿ ಜಾಗದಲ್ಲಿ ಹುಡುಗರ ಟೆನಿಸ್ ಬಾಲ್ ಟೂರ್ನಮೆಂಟು. ಶಾಮಿಯಾನ, ಎರಡು ಸ್ಪೀಕರು, ಮೈಕ್ ಮುಂದೆ ಪಿಯುಸಿ ಓದುವ ವಯಸ್ಸಿನ ಒಬ್ಬ ಹುಡುಗ. ಪ್ರತಿ ವರ್ಷ ಈ ಗದ್ದಲಕ್ಕೆ ಗೊಣಗುವ ಅಮ್ಮ ಈ ಸಲ ಕುರ್ಚಿಯನ್ನು ಹಿತ್ತಲಿಗೇ ಹಾಕಿಸಿಕೊಂಡಳು.

"ಟ್ರಾನ್ಸ್‌ಫಾರ್ಮರ್ ಕಡೆಗೆ ಎತ್ತಿ ಹೊಡೆದಿದ್ದಾರೆ, ಕ್ಯಾಚ್ ಹಿಡಿಯೋಕೆ ಇಬ್ಬರು ಓಡ್ತಿದ್ದಾರೆ, ಇಬ್ಬರೂ ಹಿಡೀಲಿಲ್ಲ, ಬಾಲು ಮೋರಿಗೆ ಬಿದ್ದಿದೆ, ನಾಲ್ಕು ರನ್. ಮೋರಿ ಹತ್ರ ಹಸಿರು ಶರ್ಟಿನವರು ದಯವಿಟ್ಟು ಎತ್ತಿಕೊಟ್ಟು ಸಹಕರಿಸಬೇಕು. ಅಂಪೈರ್‌ಗೆ ಟೀ ಬಂದಿದೆ."

ಅಮ್ಮನ ಬೆರಳು ತೊಡೆಯ ಮೇಲೆ ಟ್ರಾನ್ಸ್‌ಫಾರ್ಮರ್ ತನಕ ಹೋಗಿ ಮೋರಿಗೆ ಇಳಿಯಿತು. "ಈ ಹುಡುಗನ್ನ ಯಾರೂ ಕರೆಯಲ್ವೇನೋ ಟಿವಿಗೆ?" ಅಂದಳು.

ನಾನು ಉತ್ತರ ಹುಡುಕುವಷ್ಟರಲ್ಲಿ ಗೋಡೆ ಆಚೆಯಿಂದ ಏನೋ ಹಾರಿ ಬಂದು ಧಡ್ ಅಂತ ಸದ್ದಾಯಿತು. ಕಪ್ಪು ಕನ್ನಡಕದ ಅಮ್ಮ ತಲೆಯೆತ್ತದೆ, "ತೊಟ್ಟಿ ಹಿಂದೆ, ಕರಿಬೇವಿನ ಗಿಡದ ಬುಡ ನೋಡು" ಅಂದಳು. ಅಲ್ಲೇ ಇತ್ತು.

ಸ್ಪೀಕರು ಕೂಗುತ್ತಲೇ ಇತ್ತು: "ಬಾಲು ಗುಲಾಬಿ ಬಣ್ಣದ ಮನೆ ಕಾಂಪೌಂಡಿಗೆ ಹೋಗಿದೆ, ಬ್ಯಾಟ್ಸ್‌ಮನ್ ಔಟ್. ಆಂಟಿ, ಬಯ್ಯದೇ ಬಾಲ್ ಕೊಡಬೇಕಾಗಿ ಕಮಿಟಿ ಪರವಾಗಿ ವಿನಂತಿ."