ಶಿಲ್ಲಾಂಗ್‌ನಲ್ಲಿ ಆಡಿದ್ದು ನಿಜ, ಊರು ಬಿಟ್ಟದ್ದು ಸುಳ್ಳು

"ನಾರ್ತ್‌ಈಸ್ಟ್ ಯುನೈಟೆಡ್ 2025ರಲ್ಲಿ ಗುವಾಹಟಿ ಖಾಲಿ ಮಾಡಿ ಶಿಲ್ಲಾಂಗ್‌ಗೆ ಹೋಯ್ತು, ಮುಂದಿನ ಸರದಿ ನಮ್ಮ ಬಿಎಫ್‌ಸಿದು (ಬೆಂಗಳೂರು ಎಫ್‌ಸಿ)" ಎಂಬ ಫಾರ್ವರ್ಡ್ ಬೆಂಗಳೂರಿನ ಫುಟ್‌ಬಾಲ್ ಗುಂಪುಗಳಲ್ಲಿ ಓಡಾಡುತ್ತಿದೆ. ಸ್ವಲ್ಪ ನಿಜ, ಉಳಿದದ್ದು ಮಸಾಲೆ.

2024-25ರ ಐಎಸ್‌ಎಲ್‌ (ಇಂಡಿಯನ್ ಸೂಪರ್ ಲೀಗ್) ಟೂರ್ನಿಯಲ್ಲಿ ನಾರ್ತ್‌ಈಸ್ಟ್ ಯುನೈಟೆಡ್ ತವರಿನ ಹೆಚ್ಚಿನ ಪಂದ್ಯಗಳನ್ನು ಆಡಿದ್ದು ಗುವಾಹಟಿಯ ಇಂದಿರಾ ಗಾಂಧಿ ಅಥ್ಲೆಟಿಕ್ ಕ್ರೀಡಾಂಗಣದಲ್ಲೇ. ಲೀಗ್ ಹಂತ ಮುಗಿಯುತ್ತಾ ಬಂದಾಗ ಎರಡನ್ನು ಸುಮಾರು 100 ಕಿ.ಮೀ. ದೂರದ ಶಿಲ್ಲಾಂಗ್‌ನ ಜವಾಹರಲಾಲ್ ನೆಹರೂ ಕ್ರೀಡಾಂಗಣಕ್ಕೆ ಒಯ್ದಿತು. ಫೆಬ್ರವರಿ 21ರ ಮೊದಲ ಪಂದ್ಯಕ್ಕೆ ಎದುರಾಳಿ ಬೆಂಗಳೂರು ಎಫ್‌ಸಿ. ಮಾರ್ಚ್ 8ರ ಇನ್ನೊಂದು ಈಸ್ಟ್ ಬೆಂಗಾಲ್ ಜೊತೆ. ಈಶಾನ್ಯದ ಎಂಟೂ ರಾಜ್ಯಗಳ ತಂಡ ಎಂದು ಹೇಳಿಕೊಳ್ಳುವ ಕ್ಲಬ್ ಮೇಘಾಲಯದಲ್ಲಿ ಆಡಿದರೆ ಅದನ್ನು ಗುಳೆ ಎನ್ನಲಾದೀತೇ? ಲಜಾಂಗ್‌ನಂಥ ಕ್ಲಬ್ ಬೆಳೆಸಿದ ಊರು ಶಿಲ್ಲಾಂಗ್. ನಿವೃತ್ತಿಯಿಂದ ಮರಳಿದ ಸುನಿಲ್ ಚೆಟ್ರಿ ಅದೇ ಮಾರ್ಚ್‌ನಲ್ಲಿ ಮಾಲ್ಡೀವ್ಸ್ ವಿರುದ್ಧ ತಲೆಯಿಂದ ಗೋಲು ಹೊಡೆದದ್ದೂ ಅಲ್ಲೇ.

ಬಿಎಫ್‌ಸಿ ಕಥೆ ಬೇರೆ. 2013ರಲ್ಲಿ ಅಶೋಕನಗರದ ಫುಟ್‌ಬಾಲ್ ಕ್ರೀಡಾಂಗಣದಲ್ಲಿ ಶುರುಮಾಡಿ, ಮರುಸೀಸನ್‌ಗೆ ಕಂಠೀರವಕ್ಕೆ ಬಂತು. "ಗೋವಾದಲ್ಲಿ ಆಡಲಿಲ್ಲವೇ?" ಎಂದು ಕೆಲವರು ಕೇಳುತ್ತಿದ್ದಾರೆ. ಆಡಿತು, ಸರಿ. ಆದರೆ ಕೋವಿಡ್‌ನಿಂದಾಗಿ 2020-21 ಮತ್ತು 2021-22ರಲ್ಲಿ ಐಎಸ್‌ಎಲ್‌ನ ಎಲ್ಲ ತಂಡಗಳೂ ಗೋವಾದಲ್ಲೇ ಬೀಡುಬಿಟ್ಟಿದ್ದವು. ಶಿಲ್ಲಾಂಗ್ ಪಂದ್ಯವನ್ನು ತೋರಿಸಿ ಬಿಎಫ್‌ಸಿಯನ್ನು ಊರು ಬಿಡಿಸುವುದಕ್ಕೆ ಯಾವ ಆಧಾರವೂ ಇಲ್ಲ. ಆ ದಿನ ಅದು ಅಲ್ಲಿಗೆ ಹೋದದ್ದು ಅತಿಥಿ ತಂಡವಾಗಿ.