ಸತ್ಯಾಂಶ: ಅಡ್ವಾನ್ಸ್ ಎರಡೇ ತಿಂಗಳದ್ದಾ?

"ಹೊಸ ಕಾನೂನು ಬಂದಿದೆ, ಮನೆ ಓನರ್ ಎರಡು ತಿಂಗಳ ಬಾಡಿಗೆಗಿಂತ ಜಾಸ್ತಿ ಅಡ್ವಾನ್ಸ್ ಕೇಳುವಂತಿಲ್ಲ" ಅನ್ನೋ ಮೆಸೇಜ್ ತುಮಕೂರಿನ ಗ್ರೂಪುಗಳಲ್ಲೂ ಓಡಾಡುತ್ತಿದೆ. ಅರ್ಧ ನಿಜ. ಕೇಂದ್ರ ಸಂಪುಟ 2021ರ ಜೂನ್ 2ರಂದು ಒಪ್ಪಿದ ಮಾದರಿ ಬಾಡಿಗೆ ಕಾಯ್ದೆಯಲ್ಲಿ ವಾಸದ ಮನೆಗೆ ಈ ಮಿತಿ ಇದೆ. ಆದರೆ ಅದು ಬರೀ ಮಾದರಿ. ಮನೆ ಬಾಡಿಗೆ ರಾಜ್ಯದ ವಿಷಯ, ಹಾಗಾಗಿ ರಾಜ್ಯ ತನ್ನ ಕಾನೂನಿಗೆ ಸೇರಿಸಿಕೊಳ್ಳುವ ತನಕ ಅದು ತಾನಾಗೇ ಜಾರಿಗೆ ಬರುವುದಿಲ್ಲ. ಎಸ್‌ಐಟಿ ಬಡಾವಣೆಯಲ್ಲಿ ಗೇಟಿಗೆ ನೇತು ಹಾಕಿದ 'ಮನೆ ಬಾಡಿಗೆಗೆ ಇದೆ' ಬೋರ್ಡ್ ನೋಡಿ ಒಳಗೆ ಹೋಗಿ ಮೊಬೈಲ್ ತೋರಿಸಿದರೆ ಓನರ್ ಸುಮ್ನೆ ನಗುತ್ತಾರೆ, ಅಷ್ಟೇ. ಅದರ ಬದಲು ಚೌಕಾಸಿ ಮಾಡಿ. ಖಾಲಿ ಮಾಡುವಾಗ ಪೇಂಟಿಂಗ್‌ಗೆ ಅಂತ ಎಷ್ಟು ಹಿಡಿಯುತ್ತಾರೆ ಅನ್ನೋದನ್ನು (ಜಗಳ ಶುರುವಾಗೋದೇ ಅಲ್ಲಿ, ಅಲ್ವಾ?) ಕರಾರು ಪತ್ರದಲ್ಲೇ ಬರೆಸಿಕೊಳ್ಳಿ.